ಒಂದು ಕಂತಿಗೆ ಎಷ್ಟು ಮೂಟೆ ಕಾಫಿ?

ಸಂಪಾದಕರಿಗೆ ನಮಸ್ಕಾರ,

ಪಿಯು ರಿಸಲ್ಟ್ ಬಂದಮೇಲೆ ನಮ್ಮ ಊರಿನ ಮೂರು ಮನೆಯವರು ಒಬ್ಬರ ಹಿಂದೆ ಒಬ್ಬರು ಬಂದು ನಮ್ಮ ಜಗಲಿಯಲ್ಲಿ ಕೂತು ಕೇಳಿದ್ದು ಒಂದೇ ಮಾತು. "ಅಣ್ಣಾ, ನೀಟ್‌ನಲ್ಲಿ ಸೀಟ್ ಬರೋ ಹಾಗೆ ಕಾಣಲ್ಲ, ಬೆಂಗಳೂರಲ್ಲಿ ಬಿಎಸ್ಸಿ ಬಯೋಟೆಕ್ನಾಲಜಿಗೆ ಸೇರಿಸೋಣ ಅಂತಿದ್ದೀವಿ, ಬ್ಯಾಂಕಲ್ಲಿ ಲೋನ್ ಕೊಡ್ತಾರಂತೆ, ನಿಮ್ಮ ಮಗಳಿಗೂ ತೆಗೆದಿದ್ರಲ್ಲ, ಹೇಗಾಯ್ತು?" ಮೂರು ಸಲ ಹೇಳಿದ್ದನ್ನೇ ಹೇಳಿ ನಾಲ್ಕನೇ ಸಲ ಹೇಳೋಕೆ ಬೇಜಾರಾಗಿ ಈ ಪತ್ರ ಬರೀತಿದ್ದೀನಿ. ಉದ್ದ ಆದ್ರೆ ಕತ್ತರಿಸಿಕೊಳ್ಳಿ, ಆದ್ರೆ ಲೆಕ್ಕ ಇರೋ ಜಾಗ ಮಾತ್ರ ಕತ್ತರಿಸಬೇಡಿ.

ನಾನು ಕೊಡಗಿನ ನಾಪೋಕ್ಲು ಕಡೆಯವನು, ಆರು ಎಕರೆ ರೋಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಅಷ್ಟೇ. ಮಗಳು 2018ರಲ್ಲಿ ಪಿಯು ಮುಗಿಸಿದಳು. ಬಯಾಲಜಿಯಲ್ಲಿ ಒಳ್ಳೆ ಮಾರ್ಕ್ಸ್, ನೀಟ್‌ನಲ್ಲಿ ಸರ್ಕಾರಿ ಸೀಟ್ ಬರುವಷ್ಟು ಇಲ್ಲ, ಮ್ಯಾನೇಜ್‌ಮೆಂಟ್ ಸೀಟಿನ ರೇಟ್ ಕೇಳಿದ್ರೆ ತೋಟನೇ ಬರೆದುಕೊಡಬೇಕು. ಅದೇ ಹೊತ್ತಿಗೆ ಗೋಣಿಕೊಪ್ಪಲಲ್ಲಿ ಒಂದು ಹಾಲ್‌ನಲ್ಲಿ ಕಾಲೇಜಿನವರೆಲ್ಲ ಮೇಜು ಹಾಕ್ಕೊಂಡು ಕೂತಿದ್ರು, ಅಲ್ಲೊಬ್ಬ ಟೈ ಕಟ್ಟಿದ ಹುಡುಗ ಬಣ್ಣದ ಪುಸ್ತಕ ತೆಗೆದು, ಬಿಳಿ ಕೋಟ್ ಹಾಕಿದ ಹುಡುಗಿಯ ಫೋಟೋ ತೋರಿಸಿ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಸಾರ್ ಅಂದ. ಸಂಬಳ ಎಷ್ಟು ಅಂತ ನಾನು ಕೇಳಲಿಲ್ಲ. ಕಾಫಿ ಮಾರುವಾಗ ಔಟ್‌ಟರ್ನ್ (ಒಣ ಕಾಯಿಂದ ಸಿಗೋ ಬೀಜ) ಎಷ್ಟು, ತೇವ ಎಷ್ಟು ಅಂತ ನೂರು ಸಲ ಕೇಳೋ ಮನುಷ್ಯ ಅವತ್ತು ಒಂದು ಸಲನೂ ಕೇಳಲಿಲ್ಲ ನೋಡಿ.

ಫೀಸು, ಪಿಜಿ ರೂಮಿನ ಬಾಡಿಗೆ, ಊಟ ಎಲ್ಲಾ ಸೇರಿ ವರ್ಷಕ್ಕೆ ಎರಡು ಲಕ್ಷ, ಮೂರು ವರ್ಷಕ್ಕೆ ಆರು ಲಕ್ಷ. ಅಷ್ಟೂ ಸಾಲ ಮಾಡೋ ಯೋಚನೆ ಮೊದಲು ಇರಲಿಲ್ಲ, ಒಂದು ವರ್ಷದ್ದು ತೆಗೆದು ಉಳಿದಿದ್ದು ತೋಟದಿಂದ ಹಾಕೋಣ ಅಂತ. ಆಮೇಲೆ ಆಗಸ್ಟ್ ಮಳೆ ಬಂತು. ಆ 2018ರ ಮಳೆ ಬಗ್ಗೆ ಕೊಡಗಿನವರಿಗೆ ನಾನೇನು ಹೇಳೋದು, ಎಷ್ಟೋ ಜನರಿಗೆ ಮನೆ ಇದ್ದ ಗುಡ್ಡನೇ ಹೋಯ್ತು, ನಮ್ಮದು ಪುಣ್ಯಕ್ಕೆ ನೆಲ ನಿಂತಿತು, ಕಾಯಿ ಮಾತ್ರ ನಿಲ್ಲಲಿಲ್ಲ, ಗಿಡದ ಬುಡದಲ್ಲಿ ಹಸಿರು ಕಾಯಿ ಚಾಪೆ ಹಾಸಿದ ಹಾಗೆ ಬಿದ್ದಿತ್ತು. ಅಲ್ಲಿಗೆ ಮೂರೂ ವರ್ಷದ್ದು ಲೋನೇ ಅಂತ ಆಯ್ತು.

ಬ್ಯಾಂಕಿನ ಕಥೆ ಬೇರೆ. ಯಾವ ಬ್ಯಾಂಕ್ ಅಂತ ಹೇಳಲ್ಲ, ಈಗಲೂ ಅಲ್ಲೇ ವ್ಯವಹಾರ. ಏಳೂವರೆ ಲಕ್ಷದವರೆಗೆ ಜಾಗ ಅಡಮಾನ ಬೇಡ ಅಂತ ರೂಲ್ ಇದೆ, ಆದ್ರೂ ಆರ್‌ಟಿಸಿ (ಪಹಣಿ) ತನ್ನಿ ಅಂದ್ರು. ನಮ್ಮದು ಜಮ್ಮಾ ಜಾಗ, ಅಂದ್ರೆ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ್ದು, ಆರ್‌ಟಿಸಿಯಲ್ಲಿ ಇರೋದು ತೀರಿಹೋಗಿ ಮೂವತ್ತು ವರ್ಷ ಆದ ದೊಡ್ಡಪ್ಪನ ಹೆಸರು. ಆ ಹೊಸ ಆಫೀಸರ್ ಹೊರಗಿನವರು, ಕನ್ನಡ ಆಗತಾನೆ ಕಲೀತಿದ್ರು, "ಇವರನ್ನ ಕರ್ಕೊಂಡು ಬನ್ನಿ, ಸೈನ್ ಬೇಕು" ಅಂದ್ರು. ಎಲ್ಲಿಂದ ಕರ್ಕೊಂಡು ಬರೋದು! ಕೊನೆಗೆ ನಮ್ಮ ಭಾವ, ರಿಟೈರ್ಡ್ ಮಿಲಿಟರಿ, ಜಾಮೀನಿಗೆ ಸೈನ್ ಹಾಕಿದ ಮೇಲೆ ಕೆಲಸ ಆಯ್ತು. ಬಡ್ಡಿ ಸಬ್ಸಿಡಿ ಇದೆಯಂತಲ್ಲ ಅಂತ ಕೇಳಿದ್ದಕ್ಕೆ ಅದು ಟೆಕ್ನಿಕಲ್, ಪ್ರೊಫೆಷನಲ್ ಕೋರ್ಸಿಗೆ ಮಾತ್ರ, ಬಿಎಸ್ಸಿಗೆ ಇಲ್ಲ ಅಂದ್ರು. ಆ ಮಾತು ಸರಿಯೇ, ರೂಲ್ ಇರೋದೇ ಹಾಗೆ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ರೆ ಇಂಜಿನಿಯರಿಂಗ್ ಹುಡುಗನಿಗೆ ಓದುವಾಗಿನ ಬಡ್ಡಿಯನ್ನ ಕೇಂದ್ರ ಸರ್ಕಾರ ಕಟ್ಟುತ್ತೆ, ಅಷ್ಟೇ ಆದಾಯ ಇರೋ ಮನೆಯ ಬಿಎಸ್ಸಿ ಹುಡುಗಿಗೆ ಕಟ್ಟಲ್ಲ. ಸಂಬಳ ಜಾಸ್ತಿ ಬರೋ ಕೋರ್ಸಿಗೆ ಬಡ್ಡಿ ಮಾಫಿ, ಕಡಿಮೆ ಬರೋ ಕೋರ್ಸಿಗೆ ಪೂರ್ತಿ ಬಡ್ಡಿ, ಇದನ್ನ ಯಾರು ಯೋಚನೆ ಮಾಡಿ ಬರೆದ್ರೋ.

ಈಗ ಲೆಕ್ಕಕ್ಕೆ ಬರ್ತೀನಿ. ಇದು ನನ್ನ ಕಾಫಿ ಲೆಕ್ಕದ ಪುಸ್ತಕದಲ್ಲೇ, ಕೊಯ್ಲಿನ ಕೂಲಿ ಬರೆಯೋ ಹಾಳೆಯ ಹಿಂದೆ ಬರೆದಿಟ್ಟಿರೋದು. ಬಡ್ಡಿ ಹತ್ತೂವರೆ ಪರ್ಸೆಂಟ್, ಮಧ್ಯದಲ್ಲಿ ಸ್ವಲ್ಪ ಮೇಲೆ ಕೆಳಗೆ ಆಯ್ತು, ಸುಲಭಕ್ಕೆ ಹತ್ತೂವರೆ ಅಂತಲೇ ಹಿಡಿಯಿರಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟೋದು ಬೇಡ ಅಂತಾರೆ. ಜನ ಇದನ್ನ ಬಡ್ಡಿ ಇಲ್ಲ ಅಂತ ತಿಳ್ಕೊಳ್ತಾರೆ, ನಾನೂ ಹಾಗೇ ತಿಳ್ಕೊಂಡಿದ್ದೆ. ಕಂತು ಇಲ್ಲ, ಬಡ್ಡಿ ಇದೆ. ಮೊದಲ ಎರಡು ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 84,000, ಎರಡನೇ ಎರಡು ಲಕ್ಷಕ್ಕೆ ಮೂರು ವರ್ಷದ್ದು 63,000, ಮೂರನೇದಕ್ಕೆ 42,000. ಒಟ್ಟು 1,89,000. 2022ರ ಜುಲೈನಲ್ಲಿ ಮೊದಲ ಕಂತು ಕಟ್ಟೋ ದಿನ ಸಾಲ ಆರು ಲಕ್ಷ ಅಲ್ಲ, 7,89,000. ಹತ್ತು ವರ್ಷಕ್ಕೆ ಹಾಕಿದ್ರೆ ತಿಂಗಳಿಗೆ 10,646 ರೂಪಾಯಿ. ಹದಿನೈದು ವರ್ಷಕ್ಕೆ ಹಾಕ್ಕೊಳ್ಳಿ, 8,700ಕ್ಕೆ ಇಳಿಯುತ್ತೆ ಅಂತ ಕೌಂಟರ್‌ನಲ್ಲಿ ಬಹಳ ಪ್ರೀತಿಯಿಂದ ಹೇಳಿದ್ರು. ಮನೆಗೆ ಬಂದು ಗುಣಿಸಿ ನೋಡಿದೆ, ತಿಂಗಳಿಗೆ 1,900 ಉಳಿಸೋಕೆ ಹೋಗಿ ಕೊನೆಗೆ 2 ಲಕ್ಷ 90 ಸಾವಿರ ಜಾಸ್ತಿ ಕಟ್ಟಬೇಕು. ಹತ್ತೇ ಇರಲಿ ಅಂದೆ.

ಮಗಳ ಕಡೆಯದ್ದು ಹೇಳ್ತೀನಿ. ಎರಡನೇ ವರ್ಷ ಅರ್ಧಕ್ಕೆ ಕೊರೊನಾ ಬಂತು, ಮನೆಗೆ ಬಂದಳು, ಕ್ಲಾಸೆಲ್ಲ ಫೋನಲ್ಲಿ, ಅದೂ ನಮ್ಮ ಮನೆ ಒಳಗೆ ನೆಟ್‌ವರ್ಕ್ ಸಿಗಲ್ಲ, ಕಾಫಿ ಕಣದ ಮೂಲೆಯಲ್ಲಿ ಛತ್ರಿ ಹಿಡ್ಕೊಂಡು ಕೂತು ಪಿಸಿಆರ್ ಮೆಷಿನ್ ಪಾಠ ಕೇಳಿದವಳು. ಪ್ರಾಕ್ಟಿಕಲ್ ಇಲ್ಲದಿದ್ರೂ ಕಾಲೇಜು ಲ್ಯಾಬ್ ಫೀಸು ಪೂರ್ತಿ ತಗೊಂಡಿತು. ಆದ್ರೆ ಆ ಮಳೆಗಾಲದಲ್ಲಿ ಅವಳು ಮನೇಲಿ ಮಾಡಿದ ಕೆಲಸ ನನಗೆ ಇವತ್ತಿಗೂ ನೆನಪಿದೆ. ನಮ್ಮ ಮೆಣಸಿನ ಬಳ್ಳಿಗೆ ಸೊರಗು ರೋಗ, ಇವತ್ತು ಹಸಿರಾಗಿದ್ದ ಬಳ್ಳಿ ವಾರದಲ್ಲಿ ಎಲೆ ಉದುರಿಸಿ ನಿಂತಿರ್ತಿತ್ತು. ಅಪ್ಪಾ ಇದು ಫೈಟಾಫ್ತೋರಾ ಅನ್ನೋ ರೋಗಾಣು, ನೀರು ನಿಂತ ಕಡೆ ಬೇರಿಂದ ಬರುತ್ತೆ ಅಂದಳು. ಆ ರೋಗಾಣುವನ್ನ ತಡೆಯೋ ಟ್ರೈಕೋಡರ್ಮಾ ಅನ್ನೋ ಒಳ್ಳೆ ಬೂಷ್ಟಿನ ಪುಡಿ ಎರಡು ಪ್ಯಾಕೆಟ್ ತರಿಸಿ, ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ ಬೆರೆಸಿ, ಅದರೊಳಗೆ ಕಲೆಸಿ, ಶೆಡ್ಡಿನ ನೆರಳಲ್ಲಿ ಗುಡ್ಡೆ ಹಾಕಿ, ಗೋಣಿಚೀಲ ಹೊದಿಸಿ, ದಿನಾ ಕೈಯಲ್ಲಿ ನೀರು ಚಿಮುಕಿಸಿದಳು. ಎರಡು ವಾರ ಕಳೆದು ಗೋಣಿ ಎತ್ತಿದ್ರೆ ಗುಡ್ಡೆ ಮೇಲೆಲ್ಲ ಹಸಿರು ಬೂಷ್ಟು. ನಮ್ಮನೆಯವಳು ಗೊಬ್ಬರ ಹಾಳಾಯ್ತು ಅಂತ ಬೈದಳು. ಇವಳು ಕುಣಿದಾಡಿದಳು. ಬುಡಕ್ಕೆ ಹಾಕಿ, ಚರಂಡಿ ಬಿಡಿಸಿದ ಮೇಲೆ ಉಳಿದ ಬಳ್ಳಿ ಉಳಿದವು, ಈಗಲೂ ಪ್ರತಿ ವರ್ಷ ಮಳೆಗೆ ಮುಂಚೆ ಅದನ್ನೇ ಮಾಡ್ತೀವಿ. ಬಯಾಲಜಿ ಓದಿ ಏನು ಪ್ರಯೋಜನ ಅಂತ ಯಾರಾದ್ರೂ ಕೇಳಿದ್ರೆ ಅವರನ್ನ ಮೆಣಸಿನ ಬಳ್ಳಿ ಹತ್ರ ಕರ್ಕೊಂಡು ಹೋಗ್ತೀನಿ. ನನ್ನ ತಕರಾರು ಬಯಾಲಜಿ ಮೇಲೆ ಅಲ್ಲ.

2021ರ ಕೊನೆಗೆ ಕೆಲಸ ಸಿಕ್ತು, ಬೆಂಗಳೂರು ಹೊರವಲಯದ ಔಷಧಿ ಕಂಪನಿ, ಕ್ವಾಲಿಟಿ ಕಂಟ್ರೋಲ್‌ನಲ್ಲಿ ಮೈಕ್ರೋಬಯಾಲಜಿ ಟ್ರೈನಿ. ಕೆಲಸ ಅಂದ್ರೆ ಮೀಡಿಯಾ, ಅಂದ್ರೆ ಬ್ಯಾಕ್ಟೀರಿಯಾ ಬೆಳೆಯೋಕೆ ಬೇಕಾದ ಆಹಾರ, ತಯಾರು ಮಾಡೋದು, ಪ್ಲೇಟಿಗೆ ಹುಯ್ಯೋದು, ಇನ್‌ಕ್ಯುಬೇಟರ್‌ನಲ್ಲಿ ಇಟ್ಟು ಕೆಲವು ದಿನ ಬಿಟ್ಟು ಎಷ್ಟು ಕಾಲೊನಿ (ಬ್ಯಾಕ್ಟೀರಿಯಾ ಗುಂಪು) ಬಂದಿದೆ ಅಂತ ಎಣಿಸಿ ರಿಜಿಸ್ಟರ್‌ಗೆ ಬರೆಯೋದು. ರಾತ್ರಿ ಶಿಫ್ಟೂ ಇದೆ. ಕೈಗೆ 17,000. ಪಿಜಿಗೆ 7,500, ಬಸ್ಸು, ಫೋನು, ಅದೂ ಇದೂ 2,500, ಉಳಿಯೋದು 7,000. ಕಂತು 10,646. ಅಂದ್ರೆ ಅವಳು ಒಂದು ರೂಪಾಯಿನೂ ಮುಟ್ಟದೆ ಪೂರ್ತಿ ಕೊಟ್ರೂ ನಾನು 3,646 ಹಾಕಬೇಕು. ಹಬ್ಬಕ್ಕೆ ಬರೋಕೂ ಲೆಕ್ಕ ಹಾಕ್ತಿದ್ದಳು, ಹುತ್ತರಿಗೆ ಒಂದು ವರ್ಷ ಬರಲೇ ಇಲ್ಲ, ಶಿಫ್ಟು ಅಂದಳು, ಬಸ್ ಚಾರ್ಜ್ ಅಂತ ಅವಳ ಅಮ್ಮನಿಗೆ ಗೊತ್ತಾಯ್ತು. ಆಮೇಲಿಂದ ಕಂತು ನಾನೇ ಕಟ್ಟಿದೆ.

ನಮ್ಮ ತೋಟದಲ್ಲಿ ಕಾಫಿ ಕೊಯ್ಯೋರು ಆಗ ಕೆಜಿಗೆ ಐದು ರೂಪಾಯಿ ಲೆಕ್ಕದಲ್ಲಿ, ಕಾಯಿ ಚೆನ್ನಾಗಿದ್ರೆ ದಿನಕ್ಕೆ ನೂರಿಪ್ಪತ್ತು ಕೆಜಿ ಕೊಯ್ದು ಆರುನೂರು ರೂಪಾಯಿ ಮಾಡ್ತಿದ್ರು. ಮಗಳ 17,000ವನ್ನ ಇಪ್ಪತ್ತಾರು ದಿನಕ್ಕೆ ಹಂಚಿದ್ರೆ 650. ಕೂಲಿಯವರನ್ನ ಕಡಿಮೆ ಮಾಡಿ ಹೇಳ್ತಿಲ್ಲ, ಅವರ ಬೆನ್ನು ನೋವು ಅವರಿಗೇ ಗೊತ್ತು, ವರ್ಷಪೂರ್ತಿ ಆ ಕೆಲಸ ಇರೋದೂ ಇಲ್ಲ. ಆದ್ರೆ ಅವರು ಆ ಆರುನೂರಕ್ಕೆ ಆರು ಲಕ್ಷ ಸಾಲ ಮಾಡಿರಲಿಲ್ಲ.

ಇನ್ನು ನಮ್ಮ ಅಕ್ಕನ ಮಗ. ಇವಳ ವಯಸ್ಸೇ, ಮಾರ್ಕ್ಸ್ ಇವಳಿಗಿಂತ ಕಡಿಮೆ. ಊರ ಹತ್ತಿರದ ಸರ್ಕಾರಿ ಕಾಲೇಜಲ್ಲಿ ಬಿಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಮಾಡಿದ, ಬಸ್ ಪಾಸು, ಅಮ್ಮನ ಬುತ್ತಿ, ಫೀಸು ವರ್ಷಕ್ಕೆ ಕೆಲವು ಸಾವಿರ. ಆಗ ನಾನೇ, "ಏನೋ, ಬಾಟನಿ ಜುವಾಲಜಿ ಓದಿ ಹುಲ್ಲು ಎಣಿಸ್ತೀಯಾ" ಅಂತ ತಮಾಷೆ ಮಾಡಿದ್ದೆ, ಈಗ ಅವನ ಮುಖ ನೋಡೋಕೆ ನಾಚಿಕೆ. ಆಮೇಲೆ ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದ ಯೂನಿವರ್ಸಿಟಿ ಕೇಂದ್ರದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ, ಕುಶಾಲನಗರದಲ್ಲಿ ಮೂರು ಹುಡುಗರು ಸೇರಿ ಒಂದು ರೂಮು. 2023ರಲ್ಲಿ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಇದೇ ಥರದ ಔಷಧಿ ಕಂಪನಿ, ಇದೇ ಕ್ವಾಲಿಟಿ ಕಂಟ್ರೋಲ್, ಇದೇ ಪ್ಲೇಟ್ ಎಣಿಸೋ ಕೆಲಸ. ಶುರುವಿನ ಸಂಬಳ 22,000. ಅದೇ ವರ್ಷ ನನ್ನ ಮಗಳಿಗೆ ಎರಡು ಇಂಕ್ರಿಮೆಂಟ್ ಆಗಿ 21,500. ಇಂಟರ್‌ವ್ಯೂನಲ್ಲಿ ಇಬ್ಬರನ್ನೂ ಯಾವ ಕಾಲೇಜು ಅಂತ ಯಾರೂ ಕೇಳಿಲ್ಲ, ಎಂಎಸ್ಸಿ ಆಗಿದೆಯಾ ಅಂತ ಮಾತ್ರ ಕೇಳಿದ್ದಾರೆ. ಇಬ್ಬರ ಮಧ್ಯೆ ಇರೋ ವ್ಯತ್ಯಾಸ ತಿಂಗಳಿಗೆ 10,646.

ಅದಕ್ಕೆ ನಾನು ಬಂದವರಿಗೆಲ್ಲ ಹೇಳೋದು ಇಷ್ಟೇ, ಬಯಾಲಜಿಯಲ್ಲಿ ಮೊದಲ ಡಿಗ್ರಿಗೆ ಸಾಲ ಮಾಡಬೇಡಿ. ಸಾಲ ಮಾಡಲೇಬೇಕು ಅಂದ್ರೆ ಎರಡನೇ ಡಿಗ್ರಿಗೆ ಮಾಡಿ, ಅಷ್ಟು ಹೊತ್ತಿಗೆ ಮಗುವಿಗೆ ಇದರಲ್ಲಿ ಮನಸ್ಸಿದೆಯೋ ಇಲ್ವೋ ಗೊತ್ತಾಗಿರುತ್ತೆ, ಸಂಬಳ ಶುರುವಾಗೋ ದಿನವೂ ಹತ್ತಿರ ಇರುತ್ತೆ, ಬಡ್ಡಿ ಸುಮ್ಮನೆ ನಾಲ್ಕು ವರ್ಷ ಬೆಳೆಯಲ್ಲ. ಬಿಎಸ್ಸಿಗೆ ಮಡಿಕೇರಿ, ಗೋಣಿಕೊಪ್ಪಲಲ್ಲಿ ಕಾಲೇಜು ಇಲ್ವಾ? ಅಲ್ಲಿ ಕಲಿಸೋ ಅನುವಂಶೀಯತೆ ಪಾಠದ ಮೆಂಡಲ್ ಬೇರೆ, ಬೆಂಗಳೂರಲ್ಲಿ ಕಲಿಸೋ ಮೆಂಡಲ್ ಬೇರೆನಾ?

ಹಾಗಂತ ಒಳ್ಳೆ ದುಡ್ಡು ಇಲ್ಲವೇ ಇಲ್ಲ ಅಂತಲ್ಲ. ಎಂಎಸ್ಸಿ ಮಾಡ್ಕೊಂಡು ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ತಗೊಂಡ್ರೆ ಪಿಎಚ್‌ಡಿ ಮಾಡುವಾಗಲೇ ತಿಂಗಳಿಗೆ 37,000, ಎರಡು ವರ್ಷ ಕಳೆದ ಮೇಲೆ 42,000, ಇದು 2023ರ ಜನವರಿಯಿಂದ ಆಗಿರೋ ರೇಟು. ಆ ಪರೀಕ್ಷೆ ಕಷ್ಟ, ಎಲ್ಲರಿಗೂ ಆಗಲ್ಲ, ಆದ್ರೆ ಅಲ್ಲಿ ಕಾಲೇಜಿನ ಬಿಲ್ಡಿಂಗ್ ನೋಡಿ ಮಾರ್ಕ್ಸ್ ಕೊಡಲ್ಲ. ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಗಿ ತಲೆ ಚಚ್ಕೊಂಡೆ. ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಅಂತ ಇದೆ, ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಒಂದು ಪರ್ಸೆಂಟ್ ಒಳಗೆ ಬಂದು ವಿಜ್ಞಾನದ ಮೂಲ ವಿಷಯ ಓದೋರಿಗೆ ವರ್ಷಕ್ಕೆ 80,000. ಆ ಪಟ್ಟಿಯಲ್ಲಿ ಬಾಟನಿ ಇದೆ, ಜುವಾಲಜಿ ಇದೆ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಇದೆ. ಬಯೋಟೆಕ್ನಾಲಜಿ ಇಲ್ಲ! ನನ್ನ ಮಗಳ ಮಾರ್ಕ್ಸಿಗೆ ಅದು ಬರ್ತಿತ್ತೋ ಇಲ್ವೋ ಬೇರೆ ಮಾತು, ಆದ್ರೆ ಫ್ಯಾನ್ಸಿ ಹೆಸರಿಗೆ ಹೋಗಿ ಅರ್ಜಿ ಹಾಕೋ ಅವಕಾಶನೇ ಹೋಯ್ತು. ಆ ಟೈ ಕಟ್ಟಿದ ಹುಡುಗ ಇದನ್ನ ಹೇಳಲಿಲ್ಲ, ಅವನಿಗೂ ಗೊತ್ತಿತ್ತೋ ಇಲ್ವೋ.

ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಅದೂ ಬಯಾಲಜಿಯೇ. ಸಿಇಟಿಯಲ್ಲಿ ರೈತರ ಮಕ್ಕಳ ಕೋಟಾನೂ ಇದೆ. ಕೃಷಿ, ಅರಣ್ಯ ಡಿಗ್ರಿಗಳನ್ನ ಪ್ರೊಫೆಷನಲ್ ಅಂತ ಹಿಡೀತಾರೆ, ಮೇಲೆ ಹೇಳಿದ ಬಡ್ಡಿ ಸಬ್ಸಿಡಿ ಮಾತು ನೆನಪಿರಲಿ. ನಮ್ಮ ಮಕ್ಕಳು ಆ ಗೇಟಿನ ಮುಂದೆಯೇ ಬಸ್ಸಲ್ಲಿ ಹೋಗ್ತಾ ಬೆಂಗಳೂರಿನ ಕನಸು ಕಾಣ್ತಾರೆ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದೆ ಸಾಲ, ಎಂಟು ಲಕ್ಷದೊಳಗೆ ಆದಾಯ ಇರೋರಿಗೆ ಮೂರು ಪರ್ಸೆಂಟ್ ಬಡ್ಡಿ ರಿಯಾಯಿತಿ ಅಂತ ಇದೆ, ಒಳ್ಳೇದೇ, ಆದ್ರೆ ಅದು ಸರ್ಕಾರ ಪಟ್ಟಿ ಮಾಡಿರೋ ಒಳ್ಳೆ ರ‍್ಯಾಂಕಿನ ಸಂಸ್ಥೆಗಳಿಗೆ ಮಾತ್ರ. ಅಡ್ವಾನ್ಸ್ ಕಟ್ಟೋಕೆ ಮುಂಚೆ ಆ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯಾ ನೋಡ್ಕೊಳ್ಳಿ. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಎಂಟು ವರ್ಷ ಬಡ್ಡಿಗೆ ವಿನಾಯಿತಿ ಇದೆ ಅಂತಲೂ ಬ್ಯಾಂಕಿನವರು ದೊಡ್ಡದಾಗಿ ಹೇಳ್ತಾರೆ. 17,000 ಸಂಬಳಕ್ಕೆ ಯಾವ ಟ್ಯಾಕ್ಸು ಸ್ವಾಮಿ, ವಿನಾಯಿತಿ ತಗೊಂಡು ಉಪ್ಪಿನಕಾಯಿ ಹಾಕೋದಾ.

ಚಿಕ್ಕ ಅಳುವಾರದ ಹೆಸರು ಹೇಳಿದೆ, ಅದರ ಬಗ್ಗೆ ಒಂದು ಮಾತು ಹೇಳದೆ ಬಿಡಲ್ಲ. ಮಂಗಳೂರು ಯೂನಿವರ್ಸಿಟಿಯ ಸ್ನಾತಕೋತ್ತರ ಕೇಂದ್ರ ಆಗಿದ್ದದ್ದು 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಯ್ತು, ಬೋರ್ಡ್ ಬದಲಾಯ್ತು, ಫೋಟೋ ತೆಗೆಸಿಕೊಂಡ್ರು. 2025ರಲ್ಲಿ ನೋಡಿದ್ರೆ ಹೊಸ ಯೂನಿವರ್ಸಿಟಿಗಳಿಗೆ ದುಡ್ಡಿಲ್ಲ, ಮುಚ್ಚೋಣ, ಇಲ್ಲಾ ಹಳೇದಕ್ಕೆ ಸೇರಿಸೋಣ ಅಂತ ಮಾತು ಬಂತು. ಬೋರ್ಡ್ ಯಾವುದಾದ್ರೂ ಇರಲಿ, ಅಲ್ಲಿ ನಡೀತಿರೋ ಎಂಎಸ್ಸಿ ಕ್ಲಾಸು ಮಾತ್ರ ಎತ್ತಬೇಡಿ ಅಂತ ನಮ್ಮ ಇಬ್ಬರು ಎಂಎಲ್‌ಎಗಳಿಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ. ಎತ್ತಿದ್ರೆ ಮೈಸೂರಿಗೋ ಮಂಗಳೂರಿಗೋ ಹೋಗಿ ರೂಮ್ ಮಾಡಬೇಕು, ರೂಮ್ ಅಂದ್ರೆ ಬಾಡಿಗೆ, ಬಾಡಿಗೆ ಅಂದ್ರೆ ಮತ್ತೆ ಬ್ಯಾಂಕಿನ ಅದೇ ಕೌಂಟರ್. ನಮ್ಮ ಆರು ಲಕ್ಷದಲ್ಲಿ ಅರ್ಧದ ಹತ್ತಿರ ಪಿಜಿ ಬಾಡಿಗೆ, ಊಟಕ್ಕೇ ಹೋಗಿದ್ದು.

ನನ್ನ ಸಾಲ ಏನಾಯ್ತು ಅಂತ ಕೇಳ್ತೀರಿ. 2025ರ ಫೆಬ್ರವರಿವರೆಗೆ 32 ಕಂತು ಕಟ್ಟಿದೆ, ಹತ್ತಿರ ಹತ್ತಿರ 3 ಲಕ್ಷ 40 ಸಾವಿರ. ಸಾಲದ ಬಾಕಿ ಎಷ್ಟು ಅಂತ ಬ್ಯಾಂಕಲ್ಲಿ ಕೇಳಿದೆ, 6 ಲಕ್ಷ 51 ಸಾವಿರ ಅಂದ್ರು. ತಪ್ಪು ಹೇಳ್ತಿದ್ದಾರೆ ಅಂತ ಇನ್ನೊಂದು ಸಲ ಕೇಳಿದೆ. ತೆಗೆದದ್ದು ಆರು ಲಕ್ಷ, ಕಟ್ಟಿದ್ದು ಮೂರು ಲಕ್ಷ ನಲವತ್ತು, ಬಾಕಿ ಆರೂವರೆ. ಮೊದಮೊದಲ ಕಂತೆಲ್ಲ ಬಡ್ಡಿಗೇ ಹೋಗುತ್ತೆ ಸಾರ್ ಅಂತ ಆ ಹುಡುಗಿ ಸ್ಕ್ರೀನ್ ತಿರುಗಿಸಿ ತೋರಿಸಿದಳು, ಪಾಪ ಅವಳೂ ಎಜುಕೇಷನ್ ಲೋನ್ ಕಟ್ಟುತ್ತಿದ್ದಾಳಂತೆ.

2022ರಲ್ಲಿ ರೋಬಸ್ಟಾ ಚೆರಿ (ಒಣಗಿಸಿದ ಕಾಯಿ) ಐವತ್ತು ಕೆಜಿ ಮೂಟೆಗೆ ನಾಲ್ಕು ಸಾವಿರದ ಆಸುಪಾಸು ಇತ್ತು, ಒಂದು ಕಂತಿಗೆ ಎರಡೂವರೆ ಮೂಟೆ ಹೋಗ್ತಿತ್ತು. ನನ್ನ ಪುಸ್ತಕದಲ್ಲಿ ನಾನು ಬರೀತಿದ್ದದ್ದೂ ಹಾಗೇ, ದುಡ್ಡಲ್ಲ, ಮೂಟೆ. ಆಮೇಲೆ ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲೂ ಬೆಳೆ ಕೈಕೊಟ್ಟು ನಮ್ಮ ರೇಟು ಹತ್ತು ಸಾವಿರ ದಾಟಿತು, ಕಂತು ಒಂದು ಮೂಟೆಗೆ ಇಳಿಯಿತು. ಆ ವರ್ಷದ ಕಾಫಿ ಮಾರಿ ಒಟ್ಟಿಗೇ ನಾಲ್ಕು ಲಕ್ಷ ಕಟ್ಟಿಬಿಟ್ಟೆ, ಮುಂಚೆ ಕಟ್ಟಿದ್ದಕ್ಕೆ ದಂಡ ಏನೂ ಹಾಕಲಿಲ್ಲ, ಎಜುಕೇಷನ್ ಲೋನಿಗೆ ಅದೊಂದು ಒಳ್ಳೇದು. ಎಲ್ಲೋ ವಿಯೆಟ್ನಾಂ ರೈತನ ತೋಟ ಒಣಗಿ ನನ್ನ ಮಗಳ ಸಾಲ ತೀರ್ತಾ ಇದೆ, ಅವಳ ಡಿಗ್ರಿಯಿಂದಲ್ಲ. ಮುಂದಿನ ವರ್ಷ ಅಲ್ಲಿ ಮಳೆ ಚೆನ್ನಾಗಿ ಆದ್ರೆ ಉಳಿದ ಎರಡೂವರೆ ಲಕ್ಷಕ್ಕೆ ಮತ್ತೆ ಎಷ್ಟು ಮೂಟೆ ಬೇಕೋ.

ಮಗಳು ಈಗ 26,000ಕ್ಕೆ ಬಂದಿದ್ದಾಳೆ. ಅವಳ ರೂಮ್‌ಮೇಟ್ ಬಯೋಟೆಕ್ ಬಿಟ್ಟು ಮೆಡಿಕಲ್ ಕೋಡಿಂಗ್‌ಗೆ ಹೋದಳು, ಅಮೆರಿಕದ ಆಸ್ಪತ್ರೆ ಬಿಲ್‌ಗಳಿಗೆ ನಂಬರ್ ಹಾಕೋ ಕೆಲಸ, ಸಂಬಳ ಅಲ್ಲೇ ವಾಸಿಯಂತೆ. ಇವಳು ಹೋಗಲ್ಲ ಅಂತಾಳೆ, ಪ್ಲೇಟಲ್ಲಿ ಕಾಲೊನಿ ಬೆಳೆಯೋದು ನೋಡೋದೇ ಇಷ್ಟ ಅಂತೆ. ಎಂಎಸ್ಸಿ ಮಾಡ್ತೀನಿ ಅಪ್ಪಾ, ಚಿಕ್ಕ ಅಳುವಾರದಲ್ಲೇ, ಅಂತ ಮೊನ್ನೆ ಫೋನ್ ಮಾಡಿದ್ದಳು. ಸಾಲ ಬೇಡ ಅಂತ ಅವಳೇ ಮೊದಲು ಅಂದಳು. ಸೀಟ್ ಸಿಕ್ಕಿದ್ರೆ ಮನೆಯಿಂದ ಹೋಗಿಬರೋಕೆ ಆಗುತ್ತಾ ಅಂತ ನಾಪೋಕ್ಲಿನಿಂದ ಬೆಳಗ್ಗೆ ಮೊದಲ ಬಸ್ ಟೈಮ್ ವಿಚಾರಿಸಿ ಇಟ್ಟಿದ್ದೀನಿ, ಮಡಿಕೇರಿಯಲ್ಲಿ ಇಳಿದು ಇನ್ನೊಂದು ಹತ್ತಬೇಕು, ಮಳೆಗಾಲದಲ್ಲಿ ಎಷ್ಟು ಹೊತ್ತಾಗುತ್ತೋ ನೋಡ್ಬೇಕು.

ಇಂತಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ, ನಾಪೋಕ್ಲು